ಬರೀ ಸ್ಟಾಂಪ್ ಅಲ್ಲ ಗುರು

(1/4)
ಫೋಟೋದಲ್ಲಿರೋ ನೋಟು ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ್ದು. ಹೆಸರು ಕ್ರೋನ್. ಮೇಲೆ ದುಂಡಗೆ "ಚಿತ್ತಾ ದಿ ಫಿಯೂಮೆ" ಅಂತ ಸ್ಟಾಂಪ್, ಅಂದ್ರೆ ಫಿಯೂಮೆ ನಗರ. ಕ್ಲಾಸಲ್ಲಿ ತೋರಿಸಿದ್ರೆ ಒಬ್ಬ ಅಂದ, "ಸುಮ್ನೆ ಸೀಲ್ ಹೊಡೆದಿದ್ದಾರೆ, ಅದರಲ್ಲೇನಿದೆ?" ಅದರಲ್ಲೇ ಎಲ್ಲಾ ಇದೆ ಮಗಾ. ಓದು.

(2/4)
1918ರಲ್ಲಿ ಸಾಮ್ರಾಜ್ಯ ಮುರಿದು ಬಿತ್ತು. ನೋಟು ಮಾತ್ರ ಜನರ ಜೇಬಲ್ಲೇ ಉಳೀತು. ಫಿಯೂಮೆ ಬಂದರು ಊರು, ಇವತ್ತಿನ ಕ್ರೊಯೇಷಿಯಾದ ರಿಯೇಕಾ. ಊರೊಳಗೆ ಇಟಾಲಿಯನ್ನರು ಹೆಚ್ಚು, ಸುತ್ತಮುತ್ತ ಕ್ರೊಯೇಷಿಯನ್ನರು. ಇಟಲಿ ನಮ್ದು ಅಂತು, ಹೊಸ ಯುಗೊಸ್ಲಾವ್ ರಾಜ್ಯನೂ ನಮ್ದು ಅಂತು. ಹಳೇ ಕ್ರೋನ್ ನೋಟಿನ ಜರ್ಮನ್ ಬದಿ ನೋಡಿ: ಬೆಲೆಯನ್ನ ಚಿಕ್ಕ ಅಕ್ಷರದಲ್ಲಿ ಇನ್ನೂ ಎಂಟು ಭಾಷೆಯಲ್ಲಿ ಬರೆದಿದ್ದಾರೆ. ಇಟಾಲಿಯನ್ ಇದೆ, ಕ್ರೊಯೇಷಿಯನ್ನೂ ಇದೆ. ಸ್ಟಾಂಪಲ್ಲಿ? ಇಟಾಲಿಯನ್ ಒಂದೇ. ಊರು ಯಾರದ್ದು ಅಂತ ಒಪ್ಪಂದ ಆಗೋ ಮೊದಲೇ ನೋಟು ತೀರ್ಪು ಕೊಟ್ಟಾಯ್ತು.

(3/4)
"ಸ್ಟಾಂಪ್ ಬೇಕೇ ಇತ್ತು" ಅಂತೀರಾ? ಒಪ್ತೀನಿ. ವಿಯೆನ್ನಾದಲ್ಲಿ ನೋಟು ಅಚ್ಚಾಗ್ತಾನೇ ಇತ್ತು. ತಡೀದಿದ್ರೆ ಬೆಲೆಯೇರಿಕೆ ಒಳಗೆ ನುಗ್ತಿತ್ತು. ಆದ್ರೆ ಬಿಲ್ ಯಾರ ಮೇಲೆ? ಚೆಕೊಸ್ಲೊವಾಕಿಯಾ 1919ರಲ್ಲಿ ಗಡಿ ಮುಚ್ಚಿ, ನೋಟಿಗೆ ಚೀಟಿ ಅಂಟಿಸಿ, ಜನ ತಂದ ದುಡ್ಡಲ್ಲಿ ದೊಡ್ಡ ಪಾಲನ್ನ ಬಲವಂತದ ಸಾಲ ಅಂತ ಹಿಡಿದಿಟ್ಕೊಳ್ತು. ಫಿಯೂಮೆಯಲ್ಲಿ ನಕಲಿ ಸ್ಟಾಂಪ್ ಎಷ್ಟು ಹರಡ್ತು ಅಂದ್ರೆ, ಅಸಲಿ ನೋಟಿಗೇ ಇನ್ನೊಂದು ಸ್ಟಾಂಪ್ ಹೊಡೀಬೇಕಾಯ್ತು. ಮೊದಲನೇದನ್ನ ನಂಬಿ ಮೀನು ಮಾರಿದವಳು, ಕೂಲಿ ತಗೊಂಡವನು ಏನ್ ಮಾಡ್ಬೇಕು? ನಕಲಿ ಮಾಡಿದವನು ಅಷ್ಟೊತ್ತಿಗೆ ಖರ್ಚು ಮಾಡಿ ಮುಗಿಸಿರ್ತಾನೆ.

(4/4)
ನಮ್ಮ ಟೆಕ್ಸ್ಟ್‌ಬುಕ್ಕಲ್ಲಿ ಹಣ ಅಂದ್ರೆ ವಿನಿಮಯದ ಮಾಧ್ಯಮ, ಮೌಲ್ಯದ ಸಂಗ್ರಹ. ಐದು ಮಾರ್ಕ್ಸ್, ಮುಗೀತು. ನಂಗೆ ಈ ಉತ್ತರ ಅರ್ಧ ಅನ್ಸುತ್ತೆ. ಹಣ ಅಂದ್ರೆ "ಈ ನೆಲ ನಮ್ದು" ಅಂತ ದಿನಾ ನೂರು ಕೈ ದಾಟೋ ಘೋಷಣೆ ಕೂಡ. ಫಿಯೂಮೆ 1920ರ ಒಪ್ಪಂದದಲ್ಲಿ ಸ್ವತಂತ್ರ ರಾಜ್ಯ ಆಯ್ತು, 1924ರಲ್ಲಿ ಇಟಲಿಗೆ ಹೋಯ್ತು, ಎರಡನೇ ಮಹಾಯುದ್ಧದ ನಂತರ ಯುಗೊಸ್ಲಾವಿಯಾಕ್ಕೆ. ಊರು ಅಲ್ಲೇ ಇತ್ತು, ಬದಲಾಗಿದ್ದು ಸೀಲು.

ಈಗ ಪರ್ಸಿಂದ ಒಂದು ನೋಟು ತೆಗೆದು ಹಿಂದೆ ತಿರುಗಿಸಿ. ಭಾಷೆಗಳ ಪಟ್ಟಿಯಲ್ಲಿ ಕನ್ನಡ ಹುಡುಕಿ. ಚಿಕ್ಕ ಸಾಲು, ನಿಜ. ಆದ್ರೆ ಅದು ಅಲಂಕಾರಕ್ಕೆ ಹಾಕಿದ್ದು ಅಂತ ಇನ್ಮೇಲೆ ಯಾರೂ ಹೇಳ್ಬೇಡಿ.