ಮೀನಿನ ಹೆಜ್ಜೆ

ಹಾಲ್ಕುರಿಕೆಯ ತೋಟಗಾರನಿಗೆ ಕೊಬ್ಬರಿಯ ವಿಷಯದಲ್ಲಿ ಮೋಸಮಾಡುವುದು ಸುಲಭವಲ್ಲ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯನ್ನು ಕಿವಿಯ ಬಳಿ ಒಮ್ಮೆ ಕುಲುಕಿದರೆ ಸಾಕು, ಒಳಗಿನ ಉಂಡೆ ತನ್ನ ಯೋಗ್ಯತೆಯನ್ನು ತಾನೇ ಹೇಳಿಬಿಡುತ್ತದೆ. ಆದರೆ ಅದೇ ಗೃಹಸ್ಥನು ಪೇಟೆಗೆ ಹೋಗಿ ಕಡಲ ಮೀನು ಕೊಳ್ಳಲು ನಿಂತಾಗ ಆ ಜಾಣ್ಮೆ ನೆರವಿಗೆ ಬಾರದು. ತಲೆಯಿಲ್ಲ, ಬಾಲವಿಲ್ಲ, ಚರ್ಮವೂ ಇಲ್ಲ. ಮಂಜುಗಡ್ಡೆಯ ಮೇಲಿನ ಬಿಳಿಯ ತುಂಡಿಗೆ ಮಾರುವವನು ಇಟ್ಟದ್ದೇ ಹೆಸರು.

ಹೆಸರು ತಪ್ಪಿದರೆ ಹೋಗುವುದು ಹಣ ಮಾತ್ರವೆ? 2007ರಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿ, ‘ಮಾಂಕ್‌ಫಿಶ್’ ಎಂಬ ಹೆಸರಿನಲ್ಲಿ ಮಾರಿದ ಮೀನಿನಿಂದ ಸಾರು ಮಾಡಿ ಉಂಡ ಇಬ್ಬರು ಅಸ್ವಸ್ಥರಾದರು. ಡಿಎನ್‌ಎ ಪರೀಕ್ಷೆಯಿಂದ ನಿಜ ಹೊರಬಿದ್ದಿತು: ಅದು ನರಗಳನ್ನು ಸ್ತಬ್ಧಗೊಳಿಸುವ ವಿಷವುಳ್ಳ ಪಫರ್ ಜಾತಿಯ ಮೀನು. ಕುದಿಸಿದರೂ ಆ ವಿಷ ಅಳಿಯದು.

ಮೀನಿನ ಒಂದೊಂದು ಜೀವಕೋಶದಲ್ಲಿಯೂ ಅದರ ಕುಲದ ಬರಹವಿದೆ. ಪರೀಕ್ಷೆಗೆ ಜೋಳದ ಕಾಳಿನಷ್ಟು ಮಾಂಸ ಸಾಕು. ಅದರಿಂದ ಡಿಎನ್‌ಎಯನ್ನು ಬೇರ್ಪಡಿಸಿ, ಅದರ ಒಂದು ಗೊತ್ತಾದ ಭಾಗವನ್ನು ಕೋಟಿಗಟ್ಟಲೆ ಪ್ರತಿ ಮಾಡಿ, ಸುಮಾರು 650 ಅಕ್ಷರಗಳನ್ನು ಓದುತ್ತಾರೆ. ಗುರುತು ತಿಳಿದ ಮೀನುಗಳ ಬರಹದೊಡನೆ ಹೋಲಿಸುತ್ತಾರೆ. ಎಣ್ಣೆಯಲ್ಲಿ ಕರಿದ ತುಂಡು ಕೂಡ ಬಹುಮಟ್ಟಿಗೆ ತನ್ನ ಹೆಸರನ್ನು ಒಪ್ಪಿಕೊಳ್ಳುತ್ತದೆ. 2003ರಲ್ಲಿ ಕೆನಡದ ಪಾಲ್ ಹೆಬರ್ಟ್ ಮತ್ತು ಸಂಗಡಿಗರು ಈ ಕ್ರಮವನ್ನು ‘ಬಾರ್‌ಕೋಡ್’ ಎಂದು ಕರೆದರು. ಅದೇ ವರ್ಷ ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ಎಸ್. ಕೆ. ವರ್ಮ ಮತ್ತು ಲಾಲ್‌ಜಿ ಸಿಂಗ್ ಅವರು, ಮಾಂಸದ ಚೂರಿನಿಂದ ಪ್ರಾಣಿಯ ಜಾತಿಯನ್ನು ಗುರುತಿಸುವ ಇಂಥದೇ ವಿಧಾನವನ್ನು ಪ್ರಕಟಿಸಿದರು.

ಈ ವಿದ್ಯೆಗೂ ಮಿತಿಯುಂಟು. ಮೀನು ಯಾವ ಜಾತಿಯದೆಂದು ಅದು ಹೇಳೀತೇ ಹೊರತು, ಹಿಡಿದು ಎಷ್ಟು ದಿನವಾಯಿತೆಂದು ಹೇಳದು. ಮಂಗಳೂರಿನ ಅಂಜಲ್ ಕಾರವಾರದಲ್ಲಿ ಇಸ್ವಾಣವಾದರೆ ಅದು ಮಾತಿನ ಭೇದ; ಅಗ್ಗದ ಮೀನು ಅಂಜಲ್ ಆದರೆ ಮೋಸ. ಅದಕ್ಕಿಂತ ಮುಖ್ಯವಾದುದು, ಹೋಲಿಸಿ ನೋಡುವ ಬರಹ ಸರಿಯಾಗಿರಬೇಕು. ತಲೆ ಬಾಲ ಸಹಿತವಾದ ಇಡೀ ಮೀನನ್ನು ಕಣ್ಣಾರೆ ಕಂಡು ಹೆಸರು ಹೇಳಬಲ್ಲವನೊಬ್ಬನು ಮೊದಲು ಇದ್ದರಲ್ಲವೆ ಆ ಬರಹ? ಕಾಯಿ ಕುಲುಕುವ ತೋಟಗಾರನಂತೆ ಅವನೂ ಬೇಕಾದವನೇ.

ಮನೆಯವರು ಪ್ರಯೋಗಾಲಯಕ್ಕೆ ಅಲೆಯಬೇಕಾಗಿಲ್ಲ. ಇಡೀ ಮೀನನ್ನು ನೋಡಿ, ಎದುರಿಗೇ ಕೊಯ್ಯಿಸಿ ತರುವುದು ಇಂದಿಗೂ ಮೇಲು. ಮೊದಲೇ ಕೊಯ್ದು ಕಟ್ಟಿದ ಪೊಟ್ಟಣವನ್ನು ಪರೀಕ್ಷಿಸುವ ಹೊಣೆ ಮಾರುವವರದು, ಅಧಿಕಾರಿಗಳದು. ಮೀನಿನ ಹೆಜ್ಜೆ ಕಂಡವರಿಲ್ಲ ಎಂದು ಹಿರಿಯರು ಹೇಳುತ್ತಿದ್ದರು. ನೀರಿನಲ್ಲಿ ಆ ಮಾತು ಈಗಲೂ ನಿಜ. ಅಂಗಡಿಯ ಹಲಗೆಯ ಮೇಲೆ ಮಾತ್ರ ಆ ಹೆಜ್ಜೆ ಕಾಣತೊಡಗಿದೆ. ನೋಡುವ ಮನಸ್ಸಿರಬೇಕು, ಅಷ್ಟೆ.