ಸೌರಶಕ್ತಿ ಮತ್ತು ನಮ್ಮ ತಾರಸಿಗಳು: ಒಂದು ಲೆಕ್ಕಾಚಾರ

ಹೊಗೆಯಿಲ್ಲದ ವಿದ್ಯುತ್ತು ಕನ್ನಡ ನಾಡಿಗೆ ಹೊಸದೇನೂ ಅಲ್ಲ. 1902ರಲ್ಲಿ ಶಿವನಸಮುದ್ರದ ಬಳಿ ಕಾವೇರಿಯ ನೀರಿನ ಬಲದಿಂದ ಉತ್ಪಾದನೆಯಾದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಇಂದು ತುಮಕೂರು ಜಿಲ್ಲೆಯ ಪಾವಗಡದಲ್ಲಿ, ಮಳೆಯನ್ನು ನೆಚ್ಚಿ ಬೇಸತ್ತ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆ ಭೂಮಿಯಲ್ಲಿ, 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಕೇಂದ್ರವಿದೆ. ನೀರು, ಬಿಸಿಲು, ಗಾಳಿ ಇವು ಬಳಸಿದಷ್ಟೂ ತೀರದ ಶಕ್ತಿಮೂಲಗಳಾದುದರಿಂದ ಅವುಗಳನ್ನು ಅಕ್ಷಯಶಕ್ತಿಯೆಂದು ಕರೆಯುವುದು ಉಚಿತವೇ ಆಗಿದೆ. ಅಂತಹ ನಾಡಿನಿಂದ ಉದ್ಯೋಗನಿಮಿತ್ತ ಬಂದು ಗುರುಗ್ರಾಮದಲ್ಲಿ ನೆಲೆಸಿರುವ ನಾವು, ನಮ್ಮ ಮನೆಯ ವಿದ್ಯುತ್ತು ಎಲ್ಲಿಂದ ಬರುತ್ತದೆ, ಅದಕ್ಕೆ ನಾವು ತೆರುವ ನಿಜವಾದ ಬೆಲೆ ಯಾವುದು ಎಂಬುದನ್ನು ಎಷ್ಟರಮಟ್ಟಿಗೆ ಯೋಚಿಸಿದ್ದೇವೆ? ಈ ಪ್ರಶ್ನೆಯನ್ನು ವಾಚಕರ ಮುಂದಿಡುವುದೇ ಪ್ರಸ್ತುತ ಲೇಖನದ ಉದ್ದೇಶ.

ಸೌರಶಕ್ತಿಯ ವಿಷಯದಲ್ಲಿ ಗುರುಗ್ರಾಮಕ್ಕೆ ಒಂದು ವಿಶೇಷ ಗೌರವವಿದೆ. ಊರಂಚಿನ ಗ್ವಾಲ್ ಪಹಾಡಿಯಲ್ಲಿ ರಾಷ್ಟ್ರೀಯ ಸೌರಶಕ್ತಿ ಸಂಸ್ಥೆಯಿದೆ. 2015ರಲ್ಲಿ ಪ್ಯಾರಿಸ್ ಸಮ್ಮೇಳನದ ಸಂದರ್ಭದಲ್ಲಿ ಭಾರತ ಮತ್ತು ಫ್ರಾನ್ಸ್ ಕೂಡಿ ಆರಂಭಿಸಿದ ಅಂತಾರಾಷ್ಟ್ರೀಯ ಸೌರ ಒಕ್ಕೂಟದ ಕೇಂದ್ರಸ್ಥಾನವೂ ಅದೇ ಆವರಣದಲ್ಲಿದೆ. ಜಗತ್ತಿನ ಅನೇಕ ರಾಷ್ಟ್ರಗಳಿಗೆ ಬಿಸಿಲಿನ ಉಪಯೋಗವನ್ನು ಸಾರುವ ಸಂಸ್ಥೆಗಳು ನಮ್ಮ ನೆರೆಯಲ್ಲಿವೆ. ನಮ್ಮ ಬಹುಮಹಡಿ ವಸತಿ ಸಮುಚ್ಚಯಗಳಲ್ಲಾದರೋ ವಿದ್ಯುತ್ತು ಹೋದೊಡನೆ ಡೀಸೆಲ್ ಜನರೇಟರುಗಳು ಗುಡುಗತೊಡಗುತ್ತವೆ. ದೀಪದ ಬುಡದಲ್ಲಿ ಕತ್ತಲೆ ಎಂಬ ಮಾತಿಗೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಆರೋಗ್ಯ ಲೇಖನಗಳಿಗೆ ಮೀಸಲಾದ ಈ ಪುಟಗಳಲ್ಲಿ ಡೀಸೆಲ್ ಹೊಗೆಯ ಮಾತು ಅಪ್ರಸ್ತುತವಾಗಲಾರದು. ಡೀಸೆಲ್ ಎಂಜಿನ್ನಿನ ಹೊಗೆಯು ಮನುಷ್ಯರಲ್ಲಿ ಕ್ಯಾನ್ಸರಿಗೆ ಕಾರಣವಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2012ರಲ್ಲಿಯೇ ನಿರ್ಧರಿಸಿತು. ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲ, 2.5 ಮೈಕ್ರಾನಿಗಿಂತ ಸೂಕ್ಷ್ಮವಾದ ಧೂಳಿನ ಕಣಗಳು ಒಂದು ಘನಮೀಟರ್ ಗಾಳಿಯಲ್ಲಿ ವಾರ್ಷಿಕ ಸರಾಸರಿ 5 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಸೂಚಿಸಿತು. ನಮ್ಮ ದೇಶದ ಮಿತಿ 40. ಇಲ್ಲಿಯ ಚಳಿಗಾಲದ ಗಾಳಿ ಈ ಎರಡು ಅಂಕೆಗಳನ್ನೂ ಎಷ್ಟೋ ಪಟ್ಟು ಮೀರಿ ನಿಲ್ಲುವುದು ನಮಗೆಲ್ಲ ಅನುಭವವೇದ್ಯ. ಇದಕ್ಕೆಲ್ಲ ಜನರೇಟರೊಂದೇ ಕಾರಣವೆನ್ನುವುದು ಸತ್ಯಕ್ಕೆ ದೂರ. ವಾಹನಗಳಿವೆ, ಕಟ್ಟಡಗಳ ಧೂಳಿದೆ, ಹೊಲಗಳಲ್ಲಿ ಸುಡುವ ಕೂಳೆಯೂ ಇದೆ. ಆದರೆ ಅವುಗಳ ಮೇಲೆ ನಮಗೆ ಅಧಿಕಾರವಿಲ್ಲ. ನಮ್ಮ ಕಿಟಕಿಯ ಕೆಳಗೇ ಉರಿಯುವ ಜನರೇಟರಿನ ಮೇಲೆ, ನಿವಾಸಿಗಳ ಸಂಘದ ಸದಸ್ಯರಾಗಿ, ನಮಗೆ ಅಧಿಕಾರವಿದೆ.

ಇನ್ನು ಹಣದ ಮಾತಿಗೆ ಬರೋಣ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರವು 75,021 ಕೋಟಿ ರೂಪಾಯಿಗಳ ವೆಚ್ಚದಲ್ಲಿ 'ಪಿ.ಎಂ. ಸೂರ್ಯಘರ್' ಯೋಜನೆಯನ್ನು ಆರಂಭಿಸಿತು. 2026–27ರವರೆಗಿನ ಈ ಯೋಜನೆಯ ಗುರಿ ಒಂದು ಕೋಟಿ ಮನೆಗಳು. ಸ್ವಂತ ತಾರಸಿಯುಳ್ಳವರು ಮೂರು ಕಿಲೋವಾಟಿನ ಸೌರಫಲಕಗಳನ್ನು ಹಾಕಿಸಿದಲ್ಲಿ 78,000 ರೂ. ಸಹಾಯಧನ ದೊರೆಯುತ್ತದೆ. ಆದರೆ ನಮ್ಮಲ್ಲಿ ಬಹುಮಂದಿಗೆ ಸ್ವಂತ ತಾರಸಿಯೆಲ್ಲಿದೆ? ಹದಿನಾಲ್ಕನೆಯ ಮಹಡಿಯಲ್ಲಿರುವವನಿಗೆ ಕೆಳಗೆ ನೆಲವಿಲ್ಲ, ಮೇಲೆ ಬಿಸಿಲಿಲ್ಲ. ತಾರಸಿ ಎಲ್ಲರದು, ಎಲ್ಲರದಾದುದರಿಂದಲೇ ಯಾರದೂ ಅಲ್ಲದಂತೆ ಖಾಲಿ ಬಿದ್ದಿದೆ. ಇದೇ ಯೋಜನೆಯಲ್ಲಿ ವಸತಿ ಸಂಘಗಳ ಸಾಮೂಹಿಕ ಬಳಕೆಗಾಗಿ ಕಿಲೋವಾಟಿಗೆ 18,000 ರೂ. ಸಹಾಯಧನವಿದೆಯೆಂಬುದನ್ನು ಬಹಳ ಮಂದಿ ಗಮನಿಸಿದಂತಿಲ್ಲ.

ಉದಾಹರಣೆಗಾಗಿ, ಇಪ್ಪತ್ತು ಮಹಡಿಗಳ, ಎಂಬತ್ತು ಮನೆಗಳ ಒಂದು ಕಟ್ಟಡವನ್ನು ತೆಗೆದುಕೊಳ್ಳೋಣ. ನೀರಿನ ತೊಟ್ಟಿ, ಲಿಫ್ಟಿನ ಕೋಣೆ ಇವುಗಳನ್ನು ಬಿಟ್ಟು 250 ಚದರ ಮೀಟರ್ ತಾರಸಿ ಉಳಿಯಿತೆನ್ನೋಣ. ಒಂದು ಕಿಲೋವಾಟಿಗೆ ಸುಮಾರು 10 ಚದರ ಮೀಟರಿನಂತೆ 25 ಕಿಲೋವಾಟ್ ಫಲಕಗಳನ್ನು ಕೂಡಿಸಬಹುದು. ಕಿಲೋವಾಟಿಗೆ ದಿನಕ್ಕೆ ಸರಾಸರಿ 4 ಯೂನಿಟ್ ಹಿಡಿದರೆ ವರ್ಷಕ್ಕೆ 36,500 ಯೂನಿಟ್. ಯೂನಿಟಿಗೆ 7 ರೂ. ಎಂದು ಭಾವಿಸಿದಲ್ಲಿ ಉಳಿತಾಯ ಸುಮಾರು 2.5 ಲಕ್ಷ ರೂ. ಕಿಲೋವಾಟಿಗೆ 50,000 ರೂ. ವೆಚ್ಚವೆಂದಿಟ್ಟುಕೊಂಡರೆ ಒಟ್ಟು 12.5 ಲಕ್ಷ; ಸಹಾಯಧನ 4.5 ಲಕ್ಷ ಕಳೆದರೆ 8 ಲಕ್ಷ; ಮನೆಯೊಂದಕ್ಕೆ 10,000 ರೂ. ಶುಚಿತ್ವ, ದುರಸ್ತಿಗಳ ಖರ್ಚನ್ನು ಸೇರಿಸಿದರೂ ನಾಲ್ಕು ವರ್ಷಗಳೊಳಗೆ ಹಾಕಿದ ಬಂಡವಾಳ ಮರಳುತ್ತದೆ. ಫಲಕಗಳ ಬಾಳಿಕೆ ಸುಮಾರು ಇಪ್ಪತ್ತೈದು ವರ್ಷ. ಇದಲ್ಲದೆ, ಗ್ರಿಡ್ಡಿನ ಪ್ರತಿ ಯೂನಿಟಿನ ಹಿಂದೆ ಸರಾಸರಿ 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬೀಳುವುದರಿಂದ, ವರ್ಷಕ್ಕೆ ಸುಮಾರು 25 ಟನ್ನಿನಷ್ಟು ಕಡಿಮೆಯಾಗುತ್ತದೆ.

ಇಷ್ಟು ವಿದ್ಯುತ್ತಿನಿಂದ ಎಂಬತ್ತು ಮನೆಗಳ ಏರ್‌ಕಂಡೀಷನರುಗಳು ನಡೆಯುವುದಿಲ್ಲ. ಲಿಫ್ಟು, ನೀರಿನ ಪಂಪು, ಮೆಟ್ಟಿಲಿನ ದೀಪಗಳ ಬಿಲ್ಲಿನ ಗಣನೀಯ ಭಾಗವನ್ನು ಇದು ಹೊರಬಲ್ಲುದು. ಅತಿಯಾದ ಆಸೆ ತೋರಿಸಿ ಸೌರಫಲಕ ಮಾರುವವರ ಮಾತಿಗೆ ಮರುಳಾಗದಿರುವುದೂ ಮಿತವ್ಯಯದ ಒಂದು ಅಂಗವೇ ಸರಿ.

ಇನ್ನೊಂದು ಸಂಗತಿಯನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಗ್ರಿಡ್ಡಿಗೆ ಜೋಡಿಸಿದ ಸಾಮಾನ್ಯ ಸೌರ ವ್ಯವಸ್ಥೆಯು ವಿದ್ಯುತ್ತು ಹೋದಾಗ ತಾನೂ ನಿಂತುಬಿಡುತ್ತದೆ. ತಂತಿ ದುರಸ್ತಿ ಮಾಡುವ ಕೆಲಸಗಾರನ ಪ್ರಾಣರಕ್ಷಣೆಗಾಗಿ ಹೀಗೆ ಏರ್ಪಡಿಸಲಾಗಿದೆ. ಆದುದರಿಂದ ಫಲಕ ಹಾಕಿದ ಮಾತ್ರಕ್ಕೆ ಜನರೇಟರು ಮೌನವಾಗುವುದಿಲ್ಲ; ಅದಕ್ಕೆ ಬ್ಯಾಟರಿ ಬೇಕು, ಬ್ಯಾಟರಿಗೆ ಹಣ ಬೇಕು. ಇಲ್ಲಿಯೇ ನನ್ನ ಮುಖ್ಯ ಸಲಹೆಯಿರುವುದು. ಸೌರ ವಿದ್ಯುತ್ತಿನಿಂದಾದ ಉಳಿತಾಯವನ್ನು ಮಾಸಿಕ ನಿರ್ವಹಣಾ ಶುಲ್ಕದಲ್ಲಿ ನೂರಿನ್ನೂರು ರೂಪಾಯಿ ಇಳಿಸಲು ಹಂಚಿಬಿಡಬಾರದು. ಸವಕಳಿ ನಿಧಿಯಂತೆ ಅದನ್ನು ಪ್ರತ್ಯೇಕ ಖಾತೆಯಲ್ಲಿಟ್ಟು, ಮೊದಲು ಬಂಡವಾಳ ತೀರಿಸಿ, ಅನಂತರ ಲಿಫ್ಟು ಮತ್ತು ಮೆಟ್ಟಿಲಿನ ದೀಪಗಳಿಗೆ ಬೇಕಾದ ಬ್ಯಾಟರಿಯನ್ನು ಕೊಳ್ಳಬೇಕು. ಆಗ ಮಾತ್ರ ಡೀಸೆಲ್ ಉರಿಯುವ ಗಂಟೆಗಳು ಇಳಿಯುತ್ತವೆ. ಬಿಸಿಲು ನಮ್ಮ ಜೇಬಿಗಷ್ಟೇ ಅಲ್ಲದೆ ನಮ್ಮ ಶ್ವಾಸಕೋಶಕ್ಕೂ ಉಪಕರಿಸುತ್ತದೆ.

ಬಂಡವಾಳ ಒಮ್ಮೆಗೇ ಒದಗದಿದ್ದರೆ? ಇದಕ್ಕೆ ಉತ್ತರವನ್ನು ನಮ್ಮ ನಾಡಿನ ಬ್ಯಾಂಕುಗಳೇ ಕೊಟ್ಟಿವೆ. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ನೆರವಿನೊಂದಿಗೆ ಕೆನರಾ ಬ್ಯಾಂಕ್ ಮತ್ತು ಅಂದಿನ ಸಿಂಡಿಕೇಟ್ ಬ್ಯಾಂಕ್ ಮನೆಯ ಸೌರ ದೀಪಗಳಿಗೆ ಕಡಿಮೆ ಬಡ್ಡಿಯ ಸಾಲ ಕೊಡತೊಡಗಿದವು. ಕೆಲವೇ ವರ್ಷಗಳಲ್ಲಿ, ಬಹುಪಾಲು ಕರ್ನಾಟಕದಲ್ಲಿಯೇ, ಸುಮಾರು 20,000 ಮನೆಗಳು ಬೆಳಗಿದವು. 1995ರಲ್ಲಿ ಬೆಂಗಳೂರಿನಲ್ಲಿ ಸೆಲ್ಕೋ ಸಂಸ್ಥೆಯನ್ನು ಸ್ಥಾಪಿಸಿ, 2011ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಪಡೆದ ಹರೀಶ್ ಹಂದೆಯವರು ನಡೆದದ್ದೂ ಇದೇ ದಾರಿಯಲ್ಲಿ. ಬಡವನಿಗೆ ದೀಪ ದುಬಾರಿಯಾಗಿರಲಿಲ್ಲ, ಒಮ್ಮೆಲೇ ಕೊಡಬೇಕಾದ ಮೊತ್ತ ದುಬಾರಿಯಾಗಿತ್ತು. ಕಂತು ಆ ಕಷ್ಟವನ್ನು ನಿವಾರಿಸಿತು. ಹಳ್ಳಿಯ ರೈತನೂ ಬೀಡಿ ಕಟ್ಟುವ ತಾಯಿಯೂ ಕಂತು ಕಟ್ಟಿ ಸಾಧಿಸಬಹುದಾದುದನ್ನು, ಸಂಬಳದಾರರಾದ ನಾವು ಸಾಧಿಸಲಾರೆವೆಂದರೆ ನಂಬುವವರು ಯಾರು?

'ನಾವು ಬಾಡಿಗೆಯವರು, ಇಂದು ಇಲ್ಲಿ ನಾಳೆ ವರ್ಗವಾಗಿ ಇನ್ನೆಲ್ಲಿಯೋ' ಎಂಬ ಮಾತು ನಮ್ಮವರಲ್ಲಿ ಸಾಮಾನ್ಯ. ವರ್ಗಾವಣೆಯ ಉದ್ಯೋಗದಲ್ಲಿರುವ ನನಗೂ ಆ ಭಾವನೆ ಅಪರಿಚಿತವಲ್ಲ. ಆದರೆ ಹೊಗೆಯು ಮನೆಯ ಕ್ರಯಪತ್ರ ಯಾರ ಹೆಸರಿನಲ್ಲಿದೆಯೆಂದು ಕೇಳಿ ಒಳಬರುವುದಿಲ್ಲ. ಧೂಳಿನ ಊರಿನಲ್ಲಿ ಫಲಕಗಳು ಮಸುಕಾಗುತ್ತವೆ, ಮಂಜಿನ ತಿಂಗಳುಗಳಲ್ಲಿ ಉತ್ಪಾದನೆ ಇಳಿಯುತ್ತದೆ ಎಂಬ ಆಕ್ಷೇಪಣೆಯಲ್ಲಿ ಹುರುಳಿದೆ. ಎರಡು ವಾರಗಳಿಗೊಮ್ಮೆ ನೀರು ಹಾಕಿ ಒರೆಸುವುದೇ ಮೊದಲನೆಯದಕ್ಕೆ ಪರಿಹಾರ. ಎರಡನೆಯದನ್ನು ಬೇಸಗೆಯ ಬಿಸಿಲು ತುಂಬಿಕೊಡುತ್ತದೆ.

ಕನ್ನಡಿಗ ಬಾಂಧವರಲ್ಲಿ ನನ್ನ ವಿನಂತಿ ಇಷ್ಟೆ. ತಮ್ಮ ವಸತಿ ಸಂಘದ ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಎರಡು ಅಂಕೆಗಳನ್ನು ಕೇಳಿರಿ: ಕಳೆದ ವರ್ಷ ಸಾಮೂಹಿಕ ಬಳಕೆಯ ವಿದ್ಯುತ್ತಿಗೆ ಎಷ್ಟು ಹಣ ವೆಚ್ಚವಾಯಿತು? ಡೀಸೆಲ್ಲಿಗೆ ಎಷ್ಟು? ಆ ಎರಡು ಅಂಕೆಗಳನ್ನು ತಾರಸಿಯ ಅಳತೆಯೊಂದಿಗೆ ಒಂದು ಕಾಗದದ ಮೇಲೆ ಬರೆದಾಗ, ಮುಂದಿನ ತೀರ್ಮಾನಕ್ಕೆ ಭಾಷಣದ ಅಗತ್ಯ ಬೀಳಲಾರದು.