ಹೊರಗೆ ಪಾಲಿಶು, ಒಳಗೆ ಡಿಕಾಕ್ಷನ್ನು

ಹಳೆಯ ಮೋಟಾರನ್ನು ಮನೆಯಲ್ಲಿಟ್ಟುಕೊಳ್ಳುವುದು ಗೊಡ್ಡು ಹಸುವಿಗೆ ಹುಲ್ಲು ಹಾಕಿದಂತೆ ಎಂದು ನಮ್ಮ ನೆರೆಮನೆಯ ಹಿರಿಯರೊಬ್ಬರು ಆಗಾಗ ಹಾಸ್ಯ ಮಾಡುವುದುಂಟು. ನಮ್ಮ ಹಸು 1984ನೆಯ ಇಸವಿಯ ಪ್ರೀಮಿಯರ್ ಪದ್ಮಿನಿ. ತಂದೆಯವರು ಶಿವಮೊಗ್ಗದಲ್ಲಿ ಕೆಲಸದಲ್ಲಿದ್ದಾಗ ಕೊಂಡದ್ದು. 2014ರಲ್ಲಿ ಅವರು ತೀರಿಕೊಂಡ ಮೇಲೆ ನನ್ನ ಪಾಲಿಗೆ ಬಂದದ್ದು. ಮನೆಯ ಇತರ ಆಸ್ತಿಯನ್ನು ಹಂಚಿಕೊಳ್ಳುವಾಗ ತಮ್ಮಂದಿರು ತೋರಿದ ಉತ್ಸಾಹವು ಈ ಗಾಡಿಯ ಸರದಿ ಬಂದಾಗ ಏಕೋ ಇಳಿದುಹೋಯಿತು. "ಅಣ್ಣನೇ ಇಟ್ಟುಕೊಳ್ಳಲಿ" ಎಂದರು. ಇಟ್ಟುಕೊಂಡೆ.

ಇದರ ಕುಲಗೋತ್ರವನ್ನು ಅರಿಯದ ಎಳೆಯರಿಗಾಗಿ ಎರಡು ಮಾತು. ಇಟಲಿಯಲ್ಲಿ 1953ರಲ್ಲಿ ಹೊಸ ರೂಪದಲ್ಲಿ ಹೊರಬಂದ ಫಿಯಟ್ 1100 ಇದರ ಮೂಲಪುರುಷ. ವಾಲ್‌ಚಂದ್ ಹೀರಾಚಂದರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆಯು ಮುಂಬಯಿಯಲ್ಲಿ ಆ ವಂಶವನ್ನು ಬೆಳೆಸಿ, 1970ರ ದಶಕದಲ್ಲಿ ಅದಕ್ಕೆ ಪದ್ಮಿನಿಯೆಂಬ ರಾಣಿಯ ಹೆಸರನ್ನಿಟ್ಟಿತು. 1089 ಸಿ.ಸಿ.ಯ ನಾಲ್ಕು ಸಿಲಿಂಡರಿನ ಎಂಜಿನ್ನು, ಸ್ಟಿಯರಿಂಗಿನ ಪಕ್ಕದಲ್ಲಿಯೇ ಗೇರಿನ ಕೋಲು, ನಾಲ್ಕು ಚಕ್ರಗಳಿಗೂ ಡ್ರಮ್ ಬ್ರೇಕು. 2000ದ ಸುಮಾರಿಗೆ ತಯಾರಿಕೆ ನಿಂತಿತು. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಗಳ ಪೈಕಿ ಕಡೆಯ ಪದ್ಮಿನಿಯೂ 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ನಿವೃತ್ತಿ ಹೊಂದಿತು. ಈಗ ಉಳಿದಿರುವುವು ನಮ್ಮಂಥ ಹಟವಾದಿಗಳ ಷೆಡ್ಡುಗಳಲ್ಲಿ.

ಹದಿನೈದು ವರ್ಷ ಮೀರಿದ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕಷ್ಟೆ. 600 ರೂಪಾಯಿಯಿದ್ದ ಆ ಶುಲ್ಕ 2022ರ ಏಪ್ರಿಲಿನಿಂದ 5,000 ಆಯಿತು. 20 ವರ್ಷ ದಾಟಿದ ಕಾರಿಗೆ 2025ರಲ್ಲಿ 10,000ಕ್ಕೆ ಏರಿತು. ನಮ್ಮ ಸರದಿ ಬಂದದ್ದು 2024ರಲ್ಲಿ. ಇಷ್ಟು ಹಣ ಕೊಟ್ಟ ಮೇಲೆ ಗಾಡಿ ನೋಡುವಂತಿರಬೇಡವೇ ಎಂದು ಹೊಸ ಬಣ್ಣ ಹೊಡೆಸಿದೆ, ಅದಕ್ಕೆ 45,000. ಸೀಟಿಗೆ ಹೊಸ ಕವರು, ಬಂಪರಿಗೆ ಪಾಲಿಶು, ಇಂಪಾದ ಜೋಡಿ ಹಾರ್ನು. ಪರೀಕ್ಷೆಯಲ್ಲಿ ಸಮತಟ್ಟಾದ ನೆಲದ ಮೇಲೆ ಬ್ರೇಕು ಚೆನ್ನಾಗಿಯೇ ಹಿಡಿಯಿತು. ಪದ್ಮಿನಿ ಮದುವಣಗಿತ್ತಿಯಂತೆ ಮನೆಗೆ ಬಂದಳು.

ಮರುವರ್ಷ ಫೆಬ್ರವರಿಯಲ್ಲಿ ಉಡುಪಿಯಲ್ಲಿ ನೆಂಟರ ಮನೆಯ ಉಪನಯನ. ಹೊರಟವರು ತಾಯಿಯವರು, ನನ್ನ ಶ್ರೀಮತಿ, ಇಬ್ಬರು ಮಕ್ಕಳು ಮತ್ತು ನಾನು. ಎರಡು ದೊಡ್ಡ ಡಬ್ಬಿ ಚಕ್ಕುಲಿ ಬೇರೆ. ತೀರ್ಥಹಳ್ಳಿಯಲ್ಲಿ ಉಪಾಹಾರ ಮುಗಿಸಿ ಆಗುಂಬೆಗೆ ಬಂದು ಘಟ್ಟ ಇಳಿಯತೊಡಗಿದೆವು. ಅಲ್ಲಿಂದ ಸೋಮೇಶ್ವರದವರೆಗೆ ಹದಿನಾಲ್ಕು ಕಡಿದಾದ ತಿರುವುಗಳು.

"ರೀ, ಎಂಜಿನ್ನಿನ ಸದ್ದೇ ಇಲ್ಲವಲ್ಲ?" ಎಂದಳು ಶ್ರೀಮತಿ.

"ನ್ಯೂಟ್ರಲ್ಲಿನಲ್ಲಿ ಬಿಟ್ಟಿದ್ದೇನೆ. ತಾನಾಗಿ ಉರುಳುವ ಗಾಡಿಗೆ ಪೆಟ್ರೋಲು ಸುಡುವುದು ದಡ್ಡತನ" ಎಂದೆ, ಅರ್ಥಶಾಸ್ತ್ರಜ್ಞನ ಗಾಂಭೀರ್ಯದಿಂದ.

ಏಳೆಂಟು ತಿರುವು ಕಳೆದಿರಬೇಕು. ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಮುಂದಿನ ತಿರುವಿಗೆ ಬ್ರೇಕು ತುಳಿದರೆ ಪೆಡಲು ಬೆಣ್ಣೆಯಲ್ಲಿ ಬೆರಳಿಟ್ಟಂತೆ ಸಲೀಸಾಗಿ ನೆಲ ಮುಟ್ಟಿತು. ಗಾಡಿ ನಿಲ್ಲಲಿಲ್ಲ, ವೇಗವೂ ತಗ್ಗಲಿಲ್ಲ. ಕೆಳಗಿನಿಂದ ಬಸ್ಸೊಂದು ಏರಿ ಬರುತ್ತಿತ್ತು. ಆ ಕ್ಷಣದಲ್ಲಿ ನನಗೆ ಹಾರ್ನಿನ ಇಂಪು ನೆನಪಾಗಲಿಲ್ಲವೆಂದು ಬೇರೆ ಹೇಳಬೇಕಿಲ್ಲ. ಪೆಡಲನ್ನು ಬೇಗ ಬೇಗ ನಾಲ್ಕಾರು ಬಾರಿ ತುಳಿದೆ, ತುಸು ಹಿಡಿಯಿತು. ಗೇರಿನ ಕೋಲನ್ನು ಎಳೆದು ಎರಡಕ್ಕೆ ತಳ್ಳಿದೆ; ಎಂಜಿನ್ನು ಗೋಳಿಟ್ಟಿತು, ಆದರೆ ಗಾಡಿಯನ್ನು ತಡೆಯಿತು. ಕೈಬ್ರೇಕನ್ನು ಎಳೆದು ಗುಡ್ಡದ ಕಡೆಯ ಚರಂಡಿಗೆ ಚಕ್ರ ಇಳಿಸಿದೆ. ಬಸ್ಸು ಗೇಣುದ್ದದ ಅಂತರದಲ್ಲಿ ಹಾದುಹೋಯಿತು.

"ಇಲ್ಲೇಕಪ್ಪ ನಿಲ್ಲಿಸಿದೆ? ನೋಡುವುದಕ್ಕೆ ಏನಿದೆ ಇಲ್ಲಿ?" ಎಂದು ತಾಯಿಯವರು ಹಿಂದಿನಿಂದ ಕೇಳಿದರು. ಶ್ರೀಮತಿ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದಳು. ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಒಂದು ಗಂಟೆ ಕಾದ ಮೇಲೆ ಪೆಡಲು ಮತ್ತೆ ಗಟ್ಟಿಯಾಯಿತು. ಮನೆಮಂದಿಯನ್ನು ಹಿಂದೆ ಬಂದ ಬಸ್ಸಿಗೆ ಹತ್ತಿಸಿ, ನಾನೊಬ್ಬನೇ ಮೊದಲನೆಯ ಗೇರಿನಲ್ಲಿ ಆಮೆಯಂತೆ ಘಟ್ಟ ಇಳಿದು, ಸಂಜೆಯ ಹೊತ್ತಿಗೆ ಉಡುಪಿ ಸೇರಿದೆ. ಮರುದಿನ ನೆಂಟರು ಹಳೆಯ ಗಾಡಿಗಳನ್ನು ಬಲ್ಲ ಮೇಸ್ತ್ರಿಯೊಬ್ಬರ ಬಳಿಗೆ ಕಳಿಸಿದರು. ಅವರು ಥಳಥಳಿಸುವ ಬಾನೆಟ್ಟನ್ನು ಎತ್ತಿ, ದ್ರವದ ಬುಡ್ಡಿಯ ಮುಚ್ಚಳ ತೆಗೆದು ಇಣಿಕಿ ನೋಡಿದರು.

"ಇದೆಂಥದು ಮಾರಾಯ್ರೆ, ಬ್ರೇಕ್ ಎಣ್ಣೆಯಾ, ಕಾಫಿ ಡಿಕಾಕ್ಷನ್ನಾ?"

ಹೊಸ ದ್ರವ ಜೇನಿನ ಬಣ್ಣದ್ದು, ನಮ್ಮದು ಕರ್ರಗಿತ್ತು. ಅವರು ಹೇಳಿದುದನ್ನೂ ಆಮೇಲೆ ನಾನು ಓದಿ ತಿಳಿದುದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಪೆಡಲನ್ನು ತುಳಿದಾಗ ಕಾಲಿನ ಒತ್ತಡವನ್ನು ಸಣ್ಣ ಕೊಳವೆಗಳ ಮೂಲಕ ಚಕ್ರಗಳಿಗೆ ಒಯ್ಯುವುದು ಈ ದ್ರವವೇ. ದ್ರವವನ್ನು ಅದುಮಿ ಕುಗ್ಗಿಸಲಾಗದು. ಆವಿಯಾದರೋ ಸುಲಭವಾಗಿ ಕುಗ್ಗುತ್ತದೆ. ಡಾಟ್-3 ಎಂಬ ವರ್ಗದ ದ್ರವವು ಹೊಸದಾಗಿರುವಾಗ ಕನಿಷ್ಠ 205 ಡಿಗ್ರಿ ಸೆಂಟಿಗ್ರೇಡಿನ ಶಾಖದವರೆಗೆ ಕುದಿಯದೆ ತಡೆಯಬೇಕು. ಆದರೆ ಇದಕ್ಕೊಂದು ದುರ್ಗುಣವುಂಟು: ಮಳೆಗಾಲದ ಉಪ್ಪಿನಂತೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನೂರಕ್ಕೆ ಮೂರು ನಾಲ್ಕು ಭಾಗ ನೀರು ಸೇರಿದರೆ ಸಾಕು, ಕುದಿಯುವ ಮಟ್ಟ 140 ಡಿಗ್ರಿಯ ಸುಮಾರಿಗೆ ಇಳಿಯಬಹುದು. ನಮ್ಮ ಗಾಡಿಯದು ಹತ್ತಕ್ಕೂ ಹೆಚ್ಚು ಮಲೆನಾಡಿನ ಮಳೆಗಾಲಗಳನ್ನು ಕುಡಿದ ದ್ರವ.

ಇನ್ನು ಶಾಖದ ಲೆಕ್ಕ. ಗಾಡಿಯೂ ಜನರೂ ಸಾಮಾನೂ ಸೇರಿ 1,250 ಕಿಲೋ ಎಂದಿಟ್ಟುಕೊಳ್ಳಿ. ಅಷ್ಟು ಭಾರವು 500 ಮೀಟರು ಕೆಳಗಿಳಿದರೆ ಹೊರಬೀಳುವ ಶಕ್ತಿಯು 20 ಲೀಟರು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲುದು. ಅಂದರೆ ಒಂದು ದೊಡ್ಡ ಕೊಳಗ ಸ್ನಾನದ ನೀರು! ಗೇರಿನಲ್ಲಿ ಇಳಿದರೆ ಅದರಲ್ಲಿ ಒಳ್ಳೆಯ ಪಾಲನ್ನು ಎಂಜಿನ್ನು ಹೊರುತ್ತದೆ. ನಾನು ಮೂರು ಕಾಸಿನ ಪೆಟ್ರೋಲು ಉಳಿಸುವ ಸಲುವಾಗಿ ಹೆಚ್ಚುಕಡಿಮೆ ಪೂರ್ತಿ ಭಾರವನ್ನು ನಾಲ್ಕು ಡ್ರಮ್ಮುಗಳ ತಲೆಗೆ ಕಟ್ಟಿದ್ದೆ. ಒಳಗಿನ ಡಿಕಾಕ್ಷನ್ನು ಕುದಿದು ಆವಿಯಾಯಿತು. ತಣ್ಣಗಾದಾಗ ಮತ್ತೆ ದ್ರವವಾಯಿತು. ಪೆಡಲು ತಾನೇ ಸರಿಯಾದಂತೆ ತೋರಿದ್ದು ಇದರಿಂದಲೇ. ಹೀಗೆ ಸರಿಯಾದದ್ದನ್ನು ಕಂಡು "ಏನೂ ಇಲ್ಲ ಬಿಡಿ" ಎಂದು ಸುಮ್ಮನಾಗುವವರು ಇರುತ್ತಾರೆ. ಬಸ್ಸು ಎದುರಿಗೆ ಬರದಿದ್ದರೆ ನಾನೂ ಅವರಲ್ಲೊಬ್ಬನಾಗುತ್ತಿದ್ದೆನೋ ಏನೋ.

ಚಕ್ರಗಳನ್ನು ಬಿಚ್ಚಿದಾಗ ಹಿಂದಿನ ಒಂದು ಸಿಲಿಂಡರಿನಲ್ಲಿ ರಬ್ಬರು ಕಪ್ಪು ಉಬ್ಬಿ ಸೋರುತ್ತಿದ್ದುದೂ, ಮುಂದಿನ ರಬ್ಬರು ಕೊಳವೆಗಳು ಬಿರುಕುಬಿಟ್ಟಿದ್ದುದೂ ಕಂಡವು. ಬೇಕಾದ ಕಿಟ್ಟು ಮಂಗಳೂರಿನಿಂದ ಬಸ್ಸಿನಲ್ಲಿ ಬಂದಿತು. ಕೆಲಸದ ಕಡೆಯ ಭಾಗವೆಂದರೆ ಗಾಳಿ ತೆಗೆಯುವುದು. ಅದಕ್ಕೆ ಇಬ್ಬರು ಬೇಕು. ಮೇಸ್ತ್ರಿಗಳ ಹುಡುಗ ಅಂದು ರಜೆ. ಶ್ರೀಮತಿ ತಾನಾಗಿಯೇ ಹೋಗಿ ಚಾಲಕನ ಸೀಟಿನಲ್ಲಿ ಕುಳಿತಳು. ಮಾಸ್ಟರ್ ಸಿಲಿಂಡರಿಗೆ ಅತ್ಯಂತ ದೂರದ ಚಕ್ರದಿಂದ ಆರಂಭ. ಚಕ್ರದ ಹಿಂದಿರುವ ಪುಟ್ಟ ತಿರುಪಿಗೆ ರಬ್ಬರು ನಳಿಗೆಯನ್ನು ಸಿಕ್ಕಿಸಿ, ಅದರ ತುದಿಯನ್ನು ಹೊಸ ದ್ರವವಿರುವ ಬಾಟಲಿಯಲ್ಲಿ ಮುಳುಗಿಸಬೇಕು.

"ಒತ್ತಿ ಅಮ್ಮ. ಹಾಗೇ ಹಿಡ್ಕೊಳ್ಳಿ. ಬಿಡ್ಬೇಡಿ."

ಒತ್ತಿ ಹಿಡಿದಾಗ ತಿರುಪನ್ನು ಸಡಿಲಿಸಿದರೆ ಹಳೆಯ ದ್ರವವೂ ಗುಳ್ಳೆಗಳೂ ಹೊರಬರುತ್ತವೆ. ತಿರುಪನ್ನು ಬಿಗಿದ ಮೇಲೆಯೇ ಪೆಡಲನ್ನು ಬಿಡಬೇಕು. ಮೊದಲೇ ಬಿಟ್ಟರೆ ಗಾಳಿ ಮರಳಿ ಒಳಸೇರುತ್ತದೆ. ಮೇಲಿನ ಬುಡ್ಡಿ ಬರಿದಾಗದಂತೆ ತುಂಬುತ್ತಿರುವುದು ನನಗೆ ಒಪ್ಪಿಸಿದ ಕೆಲಸ. ಕೈ ನಡುಗಿ ಒಂದೆರಡು ಹನಿ ಹೊಸ ಬಣ್ಣದ ಮೇಲೆ ಚೆಲ್ಲಿತು. ಬ್ರೇಕ್ ದ್ರವವು ಬಣ್ಣವನ್ನು ತಿನ್ನುತ್ತದೆಂಬುದನ್ನು ಹೀಗೆ ಕಲಿತೆ. ಬಾನೆಟ್ಟಿನ ಅಂಚಿನಲ್ಲಿ ಆ ಕಲೆ ಈಗಲೂ ಇದೆ. ಎಲ್ಲ ಸೇರಿ ಖರ್ಚು 3,800 ರೂಪಾಯಿ. ಎರಡು ವರ್ಷಕ್ಕೊಮ್ಮೆ ದ್ರವ ಬದಲಿಸಬೇಕೆಂದೂ, ಕೊರತೆ ಬಿತ್ತೆಂದು ಆ ಬುಡ್ಡಿಗೆ ಎಂಜಿನ್ ಎಣ್ಣೆಯನ್ನು ಎಂದಿಗೂ ಸುರಿಯಬಾರದು, ರಬ್ಬರೆಲ್ಲ ಉಬ್ಬಿ ಹಾಳಾಗುತ್ತದೆಂದೂ ಮೇಸ್ತ್ರಿಗಳು ಎಚ್ಚರಿಸಿದರು.

ರಬ್ಬರಿನ ಮಾತು ಬಂದಿತೆಂದು ಪೆಟ್ರೋಲಿನ ಕೊಳವೆಗಳನ್ನೂ ತೋರಿಸಿದೆ. ನೂರಕ್ಕೆ ಇಪ್ಪತ್ತು ಭಾಗ ಎಥನಾಲ್ ಬೆರೆತ ಪೆಟ್ರೋಲು 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಬಿಡುಗಡೆಯಾಗಿ, 2025ರ ಹೊತ್ತಿಗೆ ಬಂಕುಗಳಲ್ಲೆಲ್ಲ ಸಾಮಾನ್ಯವಾಯಿತಷ್ಟೆ. ಪದ್ಮಿನಿ ಹುಟ್ಟಿದ ಕಾಲದ ರಬ್ಬರಿಗೆ ಇದರ ಪರಿಚಯವಿಲ್ಲ. ಕೊಳವೆಗಳು ಮೆತ್ತಗಾಗಿ ಬಿರಿಯಬಹುದು, ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲು ತೊಟ್ಟಿಕ್ಕಬಹುದು. ಎಥನಾಲನ್ನು ತಡೆಯುವ ಹೊಸ ಕೊಳವೆಗಳು ದೊರೆಯುತ್ತವೆ, ಹಾಕಿಸಿದೆ. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಕಾರ್ಬ್ಯುರೇಟರಿನಲ್ಲಿ ಆ ಪೆಟ್ರೋಲು ಉಳಿಯದಂತೆ ನೋಡಿಕೊಳ್ಳುವುದು ಒಳ್ಳೆಯದು. ರೇಡಿಯೇಟರಿಗೆ ಬೋರ್‌ವೆಲ್ಲಿನ ಗಡಸು ನೀರು ಬೇಡ. ಡಿಸ್ಟಿಲ್ಡ್ ವಾಟರಿಗೆ ಕೂಲೆಂಟು ಬೆರೆಸಿ ಹಾಕಿ. ಟಯರಿನ ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕೆಗಳನ್ನೂ ಓದಿ. 2319 ಎಂದಿದ್ದರೆ 2019ರ ಇಪ್ಪತ್ತಮೂರನೆಯ ವಾರದಲ್ಲಿ ತಯಾರಾದುದೆಂದು ಅರ್ಥ. ಗೀರು ಸವೆಯದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ.

ಊರಿಗೆ ಮರಳಿದ ರಾತ್ರಿ ತಂದೆಯವರ ಹಳೆಯ ನೋಟುಬುಕ್ಕನ್ನು ಬೀರುವಿನಿಂದ ತೆಗೆದೆ. ಗಾಡಿಗೆ ಹಾಕಿದ ಪ್ರತಿ ನಟ್ಟಿನ ಲೆಕ್ಕವೂ ಅವರ ದುಂಡು ಅಕ್ಷರದಲ್ಲಿತ್ತು. ಎರಡೆರಡು ವರ್ಷಕ್ಕೊಮ್ಮೆ, ತಪ್ಪದೆ, "ಬ್ರೇಕ್ ಎಣ್ಣೆ ಪೂರ್ತಿ ಬದಲು." ಕಡೆಯದು 2013ರ ಜೂನ್. ಅಲ್ಲಿಂದ ಮುಂದೆ ನನ್ನ ಬರವಣಿಗೆ: ಬಣ್ಣ, ಕವರು, ಪಾಲಿಶು, ಹಾರ್ನು.

ಶ್ರೀಮತಿ ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು, ಹಾರ್ನಿನ ಕೆಳಗೆ ತಾನೇ ಬರೆದಳು: "ಫೆಬ್ರವರಿ 2025, ಉಡುಪಿ. ಬ್ರೇಕ್ ಎಣ್ಣೆ ಪೂರ್ತಿ ಬದಲು. ಮುಂದಿನದು ಫೆಬ್ರವರಿ 2027." ಪುಸ್ತಕ ಈಗ ಅವಳ ಬಳಿಯೇ ಇದೆ.